ಭಾಗ್ಯನಗರದ ಗಟಾರ ಯಾರಿಗೆ ಸೇರಿದ್ದು?

ಓದುಗರ ಪ್ರಶ್ನೆ: ನಮ್ಮ ಮನೆ ಭಾಗ್ಯನಗರದಲ್ಲಿದೆ. ಓಣಿಯ ಗಟಾರ ತುಂಬಿ ಹರಿಯುತ್ತಿದೆ ಅಂತ ಹೇಳಲು ಕೊಪ್ಪಳ ನಗರಸಭೆಗೆ ಹೋದೆ. ‘ನಿಮ್ಮ ಏರಿಯಾ ನಮಗೆ ಬರಲ್ಲ, ಪಟ್ಟಣ ಪಂಚಾಯಿತಿಗೆ ಹೋಗಿ’ ಅಂದರು. ರೈಲ್ವೆ ಹಳಿ ದಾಟಿದರೆ ಕೊಪ್ಪಳ. ಆದರೂ ನಾವು ನಗರಸಭೆಗೆ ಯಾಕೆ ಬರಲ್ಲ?

ಉತ್ತರ: ಅವರು ಹೇಳಿದ್ದು ಸರಿ. ಆದರೆ ನಿಮ್ಮ ಗೊಂದಲವೂ ಸಹಜ. ಕೆಲಸ, ಕಾಲೇಜು, ಸಂತೆ, ಆಸ್ಪತ್ರೆ ಎಲ್ಲಕ್ಕೂ ನೀವು ಹೋಗುವುದು ಕೊಪ್ಪಳಕ್ಕೇ. ಕಣ್ಣಿಗೆ ಎರಡೂ ಒಂದೇ ಊರು. ಕಾಗದದಲ್ಲಿ ಮಾತ್ರ ಬೇರೆ ಬೇರೆ. ಕೊಪ್ಪಳಕ್ಕೆ ನಗರಸಭೆ ಇದೆ. ಭಾಗ್ಯನಗರಕ್ಕೆ ತನ್ನದೇ ಪಟ್ಟಣ ಪಂಚಾಯಿತಿ ಇದೆ. ಪಟ್ಟಣ ಪಂಚಾಯಿತಿಯು ನಗರಸಭೆಯ ಕೈಕೆಳಗಿನ ಶಾಖೆಯಲ್ಲ. ಎರಡಕ್ಕೂ ಬೇರೆ ಸದಸ್ಯರು, ಬೇರೆ ಬಜೆಟ್, ಬೇರೆ ಗಡಿ.

ಇದನ್ನು ನಿರ್ಧರಿಸುವುದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. ಜನಸಂಖ್ಯೆ 10 ಸಾವಿರದಿಂದ 20 ಸಾವಿರದೊಳಗಿದ್ದರೆ ಪಟ್ಟಣ ಪಂಚಾಯಿತಿ. 50 ಸಾವಿರದವರೆಗೆ ಪುರಸಭೆ. ಅಲ್ಲಿಂದ 3 ಲಕ್ಷದವರೆಗೆ ನಗರಸಭೆ. ತಲೆ ಎಣಿಸಿದರಷ್ಟೇ ಸಾಲದು. ಅರ್ಧದಷ್ಟಾದರೂ ಜನ ಹೊಲದ ಕೆಲಸ ಬಿಟ್ಟು ಬೇರೆ ದುಡಿಮೆಯಲ್ಲಿರಬೇಕು. ಮಗ್ಗ ಮತ್ತು ಕೂದಲು ಸಂಸ್ಕರಣೆಗೆ ಹೆಸರಾದ ಭಾಗ್ಯನಗರ ಒಂದು ಕಾಲಕ್ಕೆ ಗ್ರಾಮ ಪಂಚಾಯಿತಿಯೇ ಆಗಿತ್ತು. ಹಳ್ಳಿಯಿಂದ ಪಟ್ಟಣವಾಗುತ್ತಿರುವ ಇಂಥ ಊರುಗಳಿಗಾಗಿಯೇ ಈ ದರ್ಜೆ ಇರುವುದು.

ಇಲ್ಲಿ ನನ್ನನ್ನು ಕಾಡುವ ಒಂದು ಮಾತಿದೆ. ದರ್ಜೆ ಕೊಡುವಾಗ ನೋಡುವುದು ಜನಗಣತಿಯ ಲೆಕ್ಕವನ್ನು. ನಮ್ಮ ಕೈಯಲ್ಲಿರುವುದು 2011ರ ಲೆಕ್ಕ. ಆಗ ಕೊಪ್ಪಳದಲ್ಲಿ ಇದ್ದವರು ಸುಮಾರು 70 ಸಾವಿರ. ಆಮೇಲೆ ಜಿಲ್ಲಾ ಕೇಂದ್ರದ ಸುತ್ತ ಎಷ್ಟು ಲೇಔಟ್ ಎದ್ದವು, ನೀವೇ ನೋಡಿದ್ದೀರಿ ಅಲ್ವಾ? ಅನುದಾನ ಹಂಚುವಾಗಲೂ ಜನಸಂಖ್ಯೆ ಲೆಕ್ಕಕ್ಕೆ ಬರುತ್ತದೆ. ಅಂದರೆ ಇವತ್ತಿನ ಕಸ ಎತ್ತಲು ಅಂದಿನ ಲೆಕ್ಕದ ದುಡ್ಡು. ಊರು ದೊಡ್ಡದಾದರೂ ಸೌಲಭ್ಯ ಯಾಕೆ ಹಿಂದೆ ಬಿದ್ದಿದೆ ಅನ್ನುವುದಕ್ಕೆ ಇದೂ ಒಂದು ಕಾರಣ. ಹೊಸ ಜನಗಣತಿ 2027ಕ್ಕೆ ಅಂತ ಕೇಂದ್ರ ಪ್ರಕಟಿಸಿದೆ. ಎಣಿಕೆಯವರು ಮನೆಗೆ ಬಂದಾಗ ಒಬ್ಬರನ್ನೂ ಬಿಡದೆ ಬರೆಸಿ.

ಈಗ ನಿಮ್ಮ ಗಟಾರದ ವಿಷಯ. ಚರಂಡಿ, ಕಸ, ಓಣಿಯ ರಸ್ತೆ, ನಳದ ನೀರು, ಜನನ–ಮರಣ ಪತ್ರ, ಅಂಗಡಿ ಲೈಸೆನ್ಸ್ ಎಲ್ಲವೂ ಪಟ್ಟಣ ಪಂಚಾಯಿತಿಯ ಕೆಲಸ. ಬೀದಿದೀಪವೂ ಅವರದೇ. ಕರೆಂಟೇ ಇಲ್ಲ, ತಂತಿ ಹರಿದಿದೆ ಅಂದರೆ ಮಾತ್ರ ವಿದ್ಯುತ್ ಕಂಪನಿ ಜೆಸ್ಕಾಂಗೆ ಹೇಳಬೇಕು. ಯಾವ ಕಚೇರಿ ಅಂತ ಅನುಮಾನ ಬಂದರೆ ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ದುಡ್ಡು ಯಾರಿಗೆ ಕಟ್ಟಿದ್ದೀರೋ ಕೆಲಸ ಕೇಳಬೇಕಾದದ್ದೂ ಅವರನ್ನೇ. ಅಂದ ಹಾಗೆ, ಇಡೀ ವರ್ಷದ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ ಸಿಗುತ್ತದೆ.

ಹಳೆಯ ಮನೆಯಿದ್ದವರು ಇನ್ನೊಂದನ್ನು ಗಮನಿಸಬೇಕು. ಗ್ರಾಮ ಪಂಚಾಯಿತಿ ಕಾಲದ ಆಸ್ತಿ ದಾಖಲೆ, ಅಂದರೆ ನಮೂನೆ 9 ಮತ್ತು 11 ಪೆಟ್ಟಿಗೆಯಲ್ಲಿದೆ ಅಂತ ಸುಮ್ನೆ ಕೂರಬೇಡಿ. ಪಟ್ಟಣ ವ್ಯಾಪ್ತಿಗೆ ಬಂದ ಮೇಲೆ ಬೇಕಾಗುವುದು ನಮೂನೆ 3, ಅಂದರೆ ಇ-ಖಾತಾ. ಮಾರಾಟದ ನೋಂದಣಿಗೆ ಈಗ ಅದನ್ನೇ ಕೇಳುತ್ತಾರೆ. ಮಗಳ ಮದುವೆಗೋ ಆಸ್ಪತ್ರೆಗೋ ಅವಸರದಲ್ಲಿ ಜಾಗ ಮಾರಲು ಹೊರಟಾಗ ಇದು ಗೊತ್ತಾದರೆ ಬಹಳ ಕಷ್ಟ.

ದೂರು ಹೇಳುವುದು ಯಾರಿಗೆ? ಮೊದಲು ನಿಮ್ಮ ವಾರ್ಡ್ ಸದಸ್ಯರಿಗೆ. ಅಧ್ಯಕ್ಷರನ್ನು ಆರಿಸುವುದು ಸದಸ್ಯರೇ. ಆದರೆ ದಿನದ ಆಡಳಿತ ನಡೆಸುವವರು ಮುಖ್ಯಾಧಿಕಾರಿ. ನಗರಸಭೆಯಲ್ಲಿ ಆ ಜಾಗದಲ್ಲಿ ಪೌರಾಯುಕ್ತರು ಇರುತ್ತಾರೆ. ಸದಸ್ಯರ 5 ವರ್ಷದ ಅವಧಿ ಮುಗಿದು ಚುನಾವಣೆ ತಡವಾದರೆ ಆಡಳಿತಾಧಿಕಾರಿ ಬಂದು ಕೂರುತ್ತಾರೆ. ಆಗ ಓಣಿಯ ಕಷ್ಟ ಹೇಳಿಕೊಳ್ಳಲು ನಮ್ಮವರು ಅಂತ ಯಾರೂ ಇರುವುದಿಲ್ಲ. ಇದು ಸಣ್ಣ ಊರುಗಳಿಗೆ ಆಗುವ ದೊಡ್ಡ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಮುಖ್ಯಾಧಿಕಾರಿಗೆ ಬರವಣಿಗೆಯಲ್ಲೇ ಅರ್ಜಿ ಕೊಡಿ. ಓಣಿಯ ನಾಲ್ಕು ಮನೆಯವರ ಸಹಿ ಇರಲಿ, ಗಟಾರದ ಫೋಟೋ ಇರಲಿ. ಇನ್ನೊಂದು ಪ್ರತಿಗೆ ‘ಸ್ವೀಕರಿಸಿದೆ’ ಅಂತ ಸೀಲು ಹಾಕಿಸಿಕೊಳ್ಳಿ. ಫೋನ್ ಬಳಸುವವರು ಪೌರಾಡಳಿತ ಇಲಾಖೆಯ ಜನಹಿತ ಆ್ಯಪ್‌ನಲ್ಲೂ ದೂರು ಹಾಕಬಹುದು. ಆದರೂ ಕೆಲಸ ಆಗಲಿಲ್ಲ ಅಂದರೆ ಆ ಸೀಲಿನ ಪ್ರತಿ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಹೋಗಿ. ಜಿಲ್ಲೆಯ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳ ಮೇಲೆ ನಿಗಾ ಇಡುವುದು ಆ ಕೋಶವೇ.