ಕತ್ತರಿಗೆ ಅಡ್ಡ ನಿಲ್ಲುವ ಪ್ರೋಟೀನ್ ಮತ್ತು ಹಲವು ಹೆಸರಿನ ಒಂದು ಕಾಯಿಲೆ

ಮಟನ್ ಬೇಗ ಬೇಯಲಿ ಅಂತ ಪರಂಗಿಕಾಯಿಯ ಎರಡು ಹೋಳು ಹಾಕುವುದು ಹಳೇ ಉಪಾಯ. ಪರಂಗಿಯ ಹಾಲಿನಲ್ಲಿ ಪಪೇನ್ ಅನ್ನೋ ಕಿಣ್ವ ಇದೆ. ಅದು ಪ್ರೋಟೀನನ್ನು ಕತ್ತರಿಯಂತೆ ತುಂಡರಿಸುತ್ತದೆ. ಈ ಕತ್ತರಿಯ ಬಾಯಿಗೆ ಅಡ್ಡ ಸಿಕ್ಕಿಕೊಂಡು ಅದನ್ನು ನಿಲ್ಲಿಸುವ ವಸ್ತು ಕೋಳಿಮೊಟ್ಟೆಯ ಬಿಳಿಭಾಗದಲ್ಲಿದೆ ಎಂದು 1968ರಲ್ಲಿ ಗೊತ್ತಾಯಿತು. 1981ರಲ್ಲಿ ಅದಕ್ಕೆ ಸಿಸ್ಟಾಟಿನ್ ಎಂದು ಹೆಸರಿಟ್ಟರು.

ಅದೇ ಕುಟುಂಬದ ಪ್ರೋಟೀನ್‌ಗಳು ನಮ್ಮ ದೇಹದಲ್ಲೂ ಇವೆ. ಸಿಸ್ಟಾಟಿನ್ ಬಿ ಅದರಲ್ಲೊಂದು. ಬರೀ 98 ಅಮೈನೋ ಆಮ್ಲಗಳ ಪುಟ್ಟ ಸರ. ಅದು ಜೀವಕೋಶದ ಒಳಗೇ ಇದ್ದು ಕೆಲಸ ಮಾಡುತ್ತದೆ. ಕೋಶದಲ್ಲಿ ಹಳೇ ಪ್ರೋಟೀನ್‌ಗಳನ್ನು ಒಡೆಯಲು ಕೆಥೆಪ್ಸಿನ್ ಎಂಬ ಕಿಣ್ವಗಳಿವೆ. ಅವು ಇರಬೇಕಾದ್ದು ಲೈಸೋಸೋಮ್ ಎಂಬ ಸಣ್ಣ ಚೀಲಗಳಲ್ಲಿ. ಚೀಲದಿಂದ ಸೋರಿ ಹೊರಬಂದರೆ ಬೇಕಾದದ್ದನ್ನೂ ಕತ್ತರಿಸಿಬಿಡಬಹುದು. ಆಗ ಅವುಗಳ ಬಾಯಿ ಕಟ್ಟುವುದು ಸಿಸ್ಟಾಟಿನ್ ಬಿ. ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿರುವ ಯೋಜೆಫ್ ಸ್ಟೆಫಾನ್ ಸಂಸ್ಥೆಯ ಹೆಸರಿನಿಂದ ಇದನ್ನು ಸ್ಟೆಫಿನ್ ಬಿ ಅಂತಲೂ ಕರೆಯುತ್ತಾರೆ. ಮನುಷ್ಯರ ಈ ಪ್ರೋಟೀನ್ ಪರಂಗಿಯ ಪಪೇನನ್ನು ಹಿಡಿದುಕೊಂಡಿರುವ ಹರಳನ್ನು ಬೆಳೆಸಿ, ಎಕ್ಸ್‌ರೇ ಹಾಯಿಸಿ, 1990ರಲ್ಲಿ ಅದರ ರೂಪವನ್ನು ಬಿಡಿಸಿ ತೋರಿಸಿದರು. ಕತ್ತರಿಯ ಬಾಯಲ್ಲಿ ಬೆಣೆ ಹೊಡೆದ ಹಾಗಿತ್ತು ಅದು.

ಅಷ್ಟಕ್ಕೇ ಮುಗಿದಿದ್ದರೆ ಇದು ಪ್ರಯೋಗಾಲಯದ ವಿಷಯವಾಗಿಯೇ ಉಳಿಯುತ್ತಿತ್ತು. ಆದರೆ ಈ ಪ್ರೋಟೀನ್ ಕಡಿಮೆಯಾದಾಗ ಬರುವ ಕಾಯಿಲೆ ಅದಕ್ಕಿಂತ ನೂರು ವರ್ಷ ಮೊದಲೇ ವೈದ್ಯರ ಕಣ್ಣಿಗೆ ಬಿದ್ದಿತ್ತು. 1891ರಲ್ಲಿ, ಈಗಿನ ಎಸ್ಟೋನಿಯಾದಲ್ಲಿ ಕೆಲಸ ಮಾಡುತ್ತಿದ್ದ ಹೈನ್ರಿಖ್ ಉನ್‌ವೆರಿಕ್ಟ್ ಒಂದೇ ಮನೆಯ ಹಲವು ಮಕ್ಕಳಲ್ಲಿ ಅದನ್ನು ಕಂಡರು. 1903ರಲ್ಲಿ ಸ್ವೀಡನ್‌ನ ಹರ್ಮನ್ ಲುಂಡ್‌ಬೋರ್ಗ್ ಕೂಡ ಬರೆದರು. ಇಬ್ಬರ ಹೆಸರೂ ಸೇರಿ ಅದು ಉನ್‌ವೆರಿಕ್ಟ್–ಲುಂಡ್‌ಬೋರ್ಗ್ ಕಾಯಿಲೆಯಾಯಿತು.

ಸಾಮಾನ್ಯವಾಗಿ 6ರಿಂದ 16 ವರ್ಷದೊಳಗೆ ಶುರುವಾಗುತ್ತದೆ. ಬೆಳಿಗ್ಗೆ ಎದ್ದ ಹೊತ್ತಿನಲ್ಲೇ ಕಾಟ ಜಾಸ್ತಿ. ಹಾಲಿನ ಲೋಟ ಹಿಡಿದ ಕೈ ತಾನಾಗಿ ಎಗರುತ್ತದೆ, ಲೋಟ ಆಚೆ ಬೀಳುತ್ತದೆ. ಬೆಳಕು ಕಣ್ಣಿಗೆ ಹೊಡೆದರೆ, ಯಾರಾದರೂ ಸುಮ್ನೆ ಮುಟ್ಟಿದರೆ, ಮನಸ್ಸಿಗೆ ಗಾಬರಿಯಾದರೆ ಎಗರಾಟ ಇನ್ನೂ ಹೆಚ್ಚು. ಜೊತೆಗೆ ಫಿಟ್ಸ್. ಬುದ್ಧಿ ಮಾತ್ರ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಏನು ನಡೆಯುತ್ತಿದೆ ಅನ್ನುವುದು ಮಗುವಿಗೆ ಪೂರ್ತಿ ಗೊತ್ತಿರುತ್ತದೆ. ನನಗೆ ಈ ಕಾಯಿಲೆಯಲ್ಲಿ ಅತಿ ಕಷ್ಟದ ಭಾಗ ಅನಿಸುವುದು ಇದೇ.

ಮುಂದಿನ ಎಂಬತ್ತು ವರ್ಷ ಬಹುಪಾಲು ಹೆಸರಿನ ಗೊಂದಲದಲ್ಲೇ ಕಳೆದವು. ಇದರಂತೆಯೇ ಎಗರಾಟ, ಫಿಟ್ಸ್ ತರುವ ಲಾಫೋರಾ ಕಾಯಿಲೆ ಬೇರೆಯೇ ಇದ್ದರೂ ಎರಡನ್ನೂ ಸೇರಿಸಿ ಮಾತಾಡಿದರು. ಕೈಕಾಲಿನ ಈ ಎಗರಾಟಕ್ಕೆ ವೈದ್ಯರ ಹೆಸರು ಮಯೋಕ್ಲೋನಸ್. ಫಿನ್‌ಲ್ಯಾಂಡ್, ಎಸ್ಟೋನಿಯಾ ಕಡೆಯದ್ದು ಬಾಲ್ಟಿಕ್ ಮಯೋಕ್ಲೋನಸ್ ಎನಿಸಿಕೊಂಡರೆ, ದಕ್ಷಿಣ ಯುರೋಪ್ ಮತ್ತು ಉತ್ತರ ಆಫ್ರಿಕಾದ್ದು ಮೆಡಿಟರೇನಿಯನ್ ಮಯೋಕ್ಲೋನಸ್ ಎನಿಸಿಕೊಂಡಿತು. ಬಾಲ್ಟಿಕ್‌ನದು ಭೀಕರ, ಮೆಡಿಟರೇನಿಯನ್‌ನದು ಸ್ವಲ್ಪ ಸೌಮ್ಯ ಎಂಬ ಮಾತು ಗಟ್ಟಿಯಾಯಿತು. ಹಾಗಾಗಿ ಎರಡೂ ಬೇರೆ ಬೇರೆ ಕಾಯಿಲೆ ಎಂದುಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಬೇಕು. 1938ರಲ್ಲಿ ಫೆನಿಟೊಯಿನ್ ಬಂತು. ಫಿಟ್ಸ್‌ಗೆ ಅದು ದೊಡ್ಡ ವರ. ಮಂಪರು ಕಡಿಮೆ, ಬೆಲೆ ಕಡಿಮೆ. ಇವತ್ತಿಗೂ ಎಷ್ಟೋ ಬಗೆಯ ಫಿಟ್ಸ್‌ಗೆ ಒಳ್ಳೇ ಮಾತ್ರೆ ಅದು. ನಮ್ಮೂರುಗಳಲ್ಲೂ ಅದನ್ನು ನುಂಗುತ್ತಾ ನೆಮ್ಮದಿಯಾಗಿರುವವರು ಬಹಳ ಜನ. ಈ ಕಾಯಿಲೆಯ ಮಕ್ಕಳಿಗೂ ಸಹಜವಾಗಿ ಅದನ್ನೇ ಕೊಟ್ಟರು. ಮಕ್ಕಳು ಇಳಿಯುತ್ತಾ ಹೋದರು. ಮೊದಲು ನಡಿಗೆ ತಪ್ಪಿತು, ಆಮೇಲೆ ಮಾತು ತೊದಲಿತು, ಕೊನೆಗೆ ಹಾಸಿಗೆ. ಅನೇಕರು ಹರೆಯದಲ್ಲೇ ತೀರಿಕೊಂಡರು. ಕಾಯಿಲೆ ಜೋರಾಗಿದೆ ಎಂದು ಮಾತ್ರೆಯ ಪ್ರಮಾಣ ಹೆಚ್ಚಿಸಿದಾಗ ಇನ್ನೂ ಇಳಿದರು. ಕಾಯಿಲೆಯ ಸ್ವಭಾವವೇ ಹೀಗೆ ಎಂದು ಪುಸ್ತಕಗಳಲ್ಲಿ ದಾಖಲಾಯಿತು. ಒಮ್ಮೆ ಪುಸ್ತಕಕ್ಕೆ ಬಂದ ಮೇಲೆ ಯಾರು ತಾನೇ ಮಾತ್ರೆಯನ್ನು ಅನುಮಾನಿಸುತ್ತಾರೆ, ಅಲ್ವಾ?

1983ರಲ್ಲಿ ರಾಸ್ವೆಲ್ ಎಲ್ಡ್ರಿಜ್ ಮತ್ತು ಜೊತೆಗಾರರು ಅಮೆರಿಕದ ಕುಟುಂಬಗಳನ್ನು ನೋಡಿ ಅದನ್ನು ನೇರವಾಗಿ ಬರೆದರು. ಈ ಕಾಯಿಲೆಯಲ್ಲಿ ಫೆನಿಟೊಯಿನ್ ರೋಗಿಯನ್ನು ಇನ್ನಷ್ಟು ಕೆಡಿಸುತ್ತದೆ, ವಾಲ್ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಔಷಧ ಕೊಟ್ಟರೆ ಎದ್ದು ಕಾಣುವಷ್ಟು ಸುಧಾರಣೆ ಆಗುತ್ತದೆ. ವಾಲ್ಪ್ರೊಯೇಟ್ ಫ್ರಾನ್ಸ್‌ನಲ್ಲಿ 1967ರಿಂದಲೇ ಸಿಗುತ್ತಿತ್ತು. ಅಮೆರಿಕಕ್ಕೆ ಬಂದದ್ದು 1978ರಲ್ಲಿ. ಸೌಮ್ಯ ಎನ್ನುತ್ತಿದ್ದದ್ದು ಮೆಡಿಟರೇನಿಯನ್ ಕಡೆಯ ಕಾಯಿಲೆಯನ್ನು; ಅದನ್ನು ಈ ತಾರೀಕುಗಳ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಕಾಯಿಲೆಯದ್ದಲ್ಲ, ಮಾತ್ರೆಯದ್ದಿರಬಹುದು ಅನಿಸುತ್ತದೆ. ಆ ಕಾಲದ ವೈದ್ಯರು ಕೈಯಲ್ಲಿದ್ದ ಒಳ್ಳೇ ಔಷಧವನ್ನೇ ಕೊಟ್ಟರು, ಅದರಲ್ಲಿ ಅನುಮಾನವಿಲ್ಲ. ಆದರೂ 1938ರಿಂದ 1983 ಅಂದರೆ 45 ವರ್ಷ. ಒಂದು ಪೂರ್ತಿ ತಲೆಮಾರಿನ ಮಕ್ಕಳು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. 1991ರಲ್ಲಿ ಅನ್ನಾ-ಎಲಿನಾ ಲೆಹೆಸ್ಯೋಕಿ ಮತ್ತು ಜೊತೆಗಾರರು ಫಿನ್‌ಲ್ಯಾಂಡ್‌ನ ಕುಟುಂಬಗಳ ನೆರವಿನಿಂದ ಜೀನ್ 21ನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿದರು. 1996ರಲ್ಲಿ ಅದು ಸಿಸ್ಟಾಟಿನ್ ಬಿ ಜೀನ್ ಎಂದು ಸಿಕ್ಕಿತು. ಮರುವರ್ಷ ದೋಷ ಏನೆಂದೂ ತಿಳಿಯಿತು. ಜೀನಿನ ಮುಂಬಾಗಿಲಲ್ಲಿ ಡಿಎನ್‌ಎಯ 12 ಅಕ್ಷರಗಳ ಒಂದು ತುಣುಕು ಇದೆ. ಸಾಮಾನ್ಯರಲ್ಲಿ ಅದು 2 ಅಥವಾ 3 ಸಲ ಬರುತ್ತದೆ. ಈ ರೋಗಿಗಳಲ್ಲಿ 30 ಸಲಕ್ಕೂ ಜಾಸ್ತಿ. ಬಾಗಿಲಲ್ಲೇ ಹೀಗೆ ಸಾಮಾನು ತುಂಬಿದರೆ ಒಳಗಿನ ಕೆಲಸ ನಿಂತ ಹಾಗೆ. ಪ್ರೋಟೀನ್ ತಯಾರಾಗುವುದು ತೀರಾ ಕಡಿಮೆ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ. ಬಾಲ್ಟಿಕ್ ಆಗಲಿ ಮೆಡಿಟರೇನಿಯನ್ ಆಗಲಿ, ಜೀನ್ ನೋಡಿದಾಗ ಎರಡೂ ಒಂದೇ.

ಹಾಗಾದರೆ ಕತ್ತರಿ ಹದ್ದು ಮೀರಿದ್ದೇ ಕಾರಣ ತಾನೇ? ಅಷ್ಟು ಸರಳವಾಗಿಲ್ಲ. ಸಿಸ್ಟಾಟಿನ್ ಬಿ ಇಲ್ಲದ ಇಲಿಗಳನ್ನು 1998ರಲ್ಲಿ ರೂಪಿಸಿದರು. ಅವುಗಳಲ್ಲೂ ಎಗರಾಟ ಕಂಡಿತು, ಕಿರುಮೆದುಳಿನ ಕೋಶಗಳು ಸತ್ತವು. ಮುಂದೆ ಅದೇ ಇಲಿಗಳಲ್ಲಿ ಕೆಥೆಪ್ಸಿನ್ ಬಿಯನ್ನೂ ತೆಗೆದು ನೋಡಿದರು. ಕೋಶಗಳ ಸಾವು ಕಡಿಮೆಯಾಯಿತು. ಆದರೆ ಎಗರಾಟ ನಿಲ್ಲಲಿಲ್ಲ, ನಡಿಗೆಯೂ ನೆಟ್ಟಗಾಗಲಿಲ್ಲ. ಅಂದರೆ ಈ ಪ್ರೋಟೀನಿಗೆ ಕತ್ತರಿ ತಡೆಯುವುದರ ಜೊತೆಗೆ ಬೇರೆ ಕೆಲಸವೂ ಇರಬೇಕು. ಕೋಶದ ಕೇಂದ್ರದಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಹುಡುಕಾಟ ಈಗ ಆ ಕಡೆಗೂ ಹೊರಳಿದೆ.

ಮೂಲಕ್ಕೇ ಕೈಹಾಕುವ ಮದ್ದು ಇನ್ನೂ ಇಲ್ಲ. ವಾಲ್ಪ್ರೊಯೇಟ್, ಕ್ಲೋನಾಜೆಪಾಮ್, ಲೆವೆಟಿರಾಸೆಟಮ್‌ನಂಥ ಮಾತ್ರೆಗಳಿಂದ ಎಗರಾಟ ಹಿಡಿತಕ್ಕೆ ತರುತ್ತಾರೆ. ಫೆನಿಟೊಯಿನ್ ಬಿಟ್ಟ ಮೇಲೆ ರೋಗಿಗಳ ಬದುಕು ಬದಲಾಗಿದೆ; ಮೊದಲ ಕೆಲವು ವರ್ಷ ಇಳಿದರೂ ಆಮೇಲೆ ಬಹಳ ಮಂದಿ ಒಂದು ಮಟ್ಟದಲ್ಲಿ ನಿಲ್ಲುತ್ತಾರೆ, ವಯಸ್ಸಾಗುವವರೆಗೂ ಬದುಕುತ್ತಾರೆ. (ಇದನ್ನು ಓದಿ ಯಾರೂ ತಮ್ಮ ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಹಾಗೆ ನಿಲ್ಲಿಸುವುದೇ ದೊಡ್ಡ ಅಪಾಯ.)

ಈಗಿನ ತೊಡಕು ಬೇರೆ ಥರದ್ದು. ಶುರುವಿನಲ್ಲಿ ಇದು ಹರೆಯದಲ್ಲಿ ಬರುವ ಸಾಮಾನ್ಯ ಬಗೆಯ ಮಯೋಕ್ಲೋನಿಕ್ ಫಿಟ್ಸ್‌ನಂತೆಯೇ ಕಾಣುತ್ತದೆ. ಅನುಮಾನ ಬಂದವರು ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಓದುವ ಎಕ್ಸೋಮ್ ಪರೀಕ್ಷೆ ಮಾಡಿಸುತ್ತಾರೆ. ಆ ಪರೀಕ್ಷೆ ಮುಖ್ಯವಾಗಿ ಓದುವುದು ಪ್ರೋಟೀನ್ ಬರೆಯುವ ಭಾಗಗಳನ್ನು. ಈ ಕಾಯಿಲೆಯ ದೋಷ ಇರುವುದು ಹೆಚ್ಚಾಗಿ ಅದರ ಹೊರಗೆ, ಮುಂಬಾಗಿಲಲ್ಲಿ. ಹಾಗಾಗಿ ವರದಿ ನೆಗೆಟಿವ್ ಬರುತ್ತದೆ, ಮನೆಯವರು ಅದನ್ನು ಫೈಲಿಗೆ ಸೇರಿಸಿಕೊಂಡು ಮುಂದಿನ ಆಸ್ಪತ್ರೆಗೆ ಹೊರಡುತ್ತಾರೆ. ದೋಷ ಸಿಗಬೇಕಾದರೆ ಚೀಟಿಯಲ್ಲಿ ಸಿಸ್ಟಾಟಿನ್ ಬಿ ಜೀನಿನ ಪುನರಾವರ್ತನೆಯನ್ನೇ ಎಣಿಸಿ ಎಂದು ಬೇರೆಯಾಗಿ ಬರೆದಿರಬೇಕು.