ಪದ ಪರಿಚಯ: ಇಂಡಿ ಸಿನಿಮಾ

'ಇಂಡಿ' ಎನ್ನುವುದು 'ಇಂಡಿಪೆಂಡೆಂಟ್' ಪದದ ಮೊಟಕು ರೂಪ. ಇಂಡಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ಇದನ್ನು 'ಸ್ವತಂತ್ರ ಸಿನಿಮಾ' ಅನ್ನುತ್ತೇವೆ. ಯಾರಿಂದ ಸ್ವತಂತ್ರ ಎಂದು ಕೇಳಿದರೆ ಉತ್ತರ ನೇರವಾಗಿದೆ: ದೊಡ್ಡ ನಿರ್ಮಾಣ ಸಂಸ್ಥೆಯ ದುಡ್ಡಿನಿಂದ, ಆ ದುಡ್ಡಿನ ಬೆನ್ನಿಗೇ ಬರುವ ಹಂಗಿನಿಂದ. ಕಥೆ ಯಾವುದಿರಬೇಕು, ಯಾರು ನಟಿಸಬೇಕು, ಕೊನೆಗೆ ಯಾವ ದೃಶ್ಯ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಚಿತ್ರ ಮಾಡಿದವರೇ ನಿರ್ಧರಿಸಿದ್ದರೆ ಅದು ಇಂಡಿ. ಈ ಕೊನೆಯ ಮಾತಿನ ಹಕ್ಕಿಗೆ ಸಿನಿಮಾದವರು 'ಫೈನಲ್ ಕಟ್' ಎನ್ನುತ್ತಾರೆ. ಇಡೀ ಪದದ ಅರ್ಥ ನಿಂತಿರುವುದೇ ಈ ಹಕ್ಕಿನ ಮೇಲೆ.

ಹಾಗಾಗಿ 'ಕಡಿಮೆ ಬಜೆಟ್ಟಿನದೆಲ್ಲ ಇಂಡಿ' ಎಂಬ ರೂಢಿಯ ಮಾತು ಸರಿಯಲ್ಲ. ದೊಡ್ಡ ಸಂಸ್ಥೆಯೊಂದು ಅಗ್ಗಕ್ಕೆ ಮಾಡಿಸಿದ ಚಿತ್ರ ಇಂಡಿ ಆಗುವುದಿಲ್ಲ. ಕಿರುಚಿತ್ರ ಎಂಬುದು ಅವಧಿಯನ್ನು ಹೇಳುವ ಪದ, ಕಲಾತ್ಮಕ ಚಿತ್ರ ಎಂಬುದು ಶೈಲಿಯನ್ನು ಹೇಳುವ ಪದ, ಇಂಡಿ ಎಂಬುದು ಒಡೆತನವನ್ನು ಹೇಳುವ ಪದ. ದೆವ್ವದ ಕಥೆಯೂ ಇಂಡಿ ಆಗಬಹುದು, ಹಾಸ್ಯವೂ ಆಗಬಹುದು. ನಿಜಕ್ಕೂ ಇಂಡಿಗಳಲ್ಲಿ ಹೆದರಿಸುವ ಚಿತ್ರಗಳು ಬಹಳ, ಏಕೆಂದರೆ ಹೆದರಿಸಲು ಸ್ಟಾರ್ ನಟ ಬೇಕಿಲ್ಲ. ಕತ್ತಲೆ, ಸದ್ದು, ನೋಡುವವರನ್ನು ಕಾಯಿಸುವ ಕಲೆ ಇದ್ದರೆ ಸಾಕು.

ಪದ ಹುಟ್ಟಿದ ಬಗೆ ಸ್ವಾರಸ್ಯದ್ದು. 1908ರಲ್ಲಿ ಅಮೆರಿಕದಲ್ಲಿ ಥಾಮಸ್ ಎಡಿಸನ್ ಮುಂದಾಳತ್ವದಲ್ಲಿ ಕೆಲವು ಕಂಪನಿಗಳು ಕೂಡಿ ಕ್ಯಾಮೆರಾ, ಪ್ರೊಜೆಕ್ಟರುಗಳ ಪೇಟೆಂಟುಗಳನ್ನೆಲ್ಲ ಒಂದೇ ಕೂಟದ ಕೈಯಲ್ಲಿಟ್ಟುಕೊಂಡವು. ಕೂಟಕ್ಕೆ ಹಣ ಕಟ್ಟದವರು ಚಿತ್ರ ತೆಗೆಯುವಂತಿರಲಿಲ್ಲ, ತೋರಿಸುವಂತಿರಲಿಲ್ಲ. ಇದಕ್ಕೆ ಸೊಪ್ಪು ಹಾಕದೆ ಹೊರಗೆ ನಿಂತವರಿಗೆ 'ಇಂಡಿಪೆಂಡೆಂಟ್' ಎಂಬ ಹೆಸರು ಬಿತ್ತು. ಅವರಲ್ಲೊಬ್ಬರಾದ ಕಾರ್ಲ್ ಲೆಮ್ಲಿ ಬೇರೆಯವರ ಜೊತೆ ಸೇರಿ 1912ರಲ್ಲಿ ಕಟ್ಟಿದ ಕಂಪನಿಯೇ ಯೂನಿವರ್ಸಲ್. ಅಂದರೆ ಅಂದು ಹಂಗು ಹರಿದುಕೊಂಡವರೇ ಮುಂದೆ ಬೇರೆಯವರಿಗೆ ಹಂಗು ಹಾಕುವ ದೊಡ್ಡ ಸ್ಟುಡಿಯೋಗಳಾದರು. ಸ್ಟುಡಿಯೋಗಳು ಚಿತ್ರಮಂದಿರಗಳನ್ನೂ ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿದ್ದವು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವುಗಳ ವಿರುದ್ಧ ತೀರ್ಪು ಕೊಟ್ಟ ಮೇಲೆಯೇ ಆ ಹಿಡಿತ ಸಡಿಲವಾಗಿ, ಹೊರಗಿನವರ ಚಿತ್ರಗಳಿಗೆ ಪರದೆ ಸಿಗುವ ದಾರಿ ತೆರೆದದ್ದು.

ಇಂದಿನ ಅರ್ಥದ ಇಂಡಿಗೆ ಅಮೆರಿಕದ ನಟ, ನಿರ್ದೇಶಕ ಜಾನ್ ಕ್ಯಾಸವೆಟಿಸ್ ಅವರನ್ನು ಮೊದಲಿಗರೆಂದು ನೆನೆಯುವವರು ಹಲವರು. ಅವರ ಮೊದಲ ಚಿತ್ರಕ್ಕೆ ಒಂದಿಷ್ಟು ಹಣ ಬಂದದ್ದು ರೇಡಿಯೋ ಕೇಳುಗರಿಂದ. ಕ್ರೌಡ್ ಫಂಡಿಂಗ್ ಎಂಬ ಮಾತೇ ಇಲ್ಲದ 1950ರ ದಶಕದಲ್ಲಿ! 1981ರಲ್ಲಿ ನಟ ರಾಬರ್ಟ್ ರೆಡ್‌ಫೋರ್ಡ್ ಸನ್‌ಡ್ಯಾನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿದ ಮೇಲೆ ಇಂಥ ಚಿತ್ರಗಳಿಗೆ ಒಂದು ನೆಲೆಯೂ ಸಿಕ್ಕಿತು.

ಇಂಡಿ ಚಿತ್ರಗಳ ಕಥೆಗಳು ಇಷ್ಟೊಂದು ಬಗೆಬಗೆಯಾಗಿರುವುದು ಏಕೆ? ಮೊದಲ ಕಾರಣ ಲೆಕ್ಕಾಚಾರದ್ದು. ಹಾಕಿದ ಹಣ ದೊಡ್ಡದಾದಷ್ಟೂ ಅದು ವಾಪಸಾಗಲು ಹೆಚ್ಚು ಜನ ನೋಡಬೇಕು, ಹೆಚ್ಚು ಜನ ನೋಡಬೇಕಾದರೆ ಕಥೆ ಯಾರಿಗೂ ಮುಜುಗರವಾಗದಂತೆ ನುಣುಪಾಗಬೇಕು. ಹಣ ಚಿಕ್ಕದಿದ್ದರೆ ಆ ಒತ್ತಡವೇ ಇಲ್ಲ. ಕೆಲವೇ ಸಾವಿರ ಜನ ಆಡುವ ನುಡಿಯಲ್ಲಿ, ಕೆಲಸ ಕಳೆದುಕೊಂಡ ಮಧ್ಯವಯಸ್ಸಿನ ಹೆಂಗಸಿನ ಒಂದು ದಿನವನ್ನು, ಮಾತೇ ಇಲ್ಲದೆ ಹೇಳುತ್ತೇನೆಂದು ಹೊರಡಬಹುದು. ಎರಡನೆಯದು ಇನ್ನೂ ಮುಖ್ಯ, ಕಥೆ ಹುಟ್ಟುವ ಕ್ರಮವೇ ಇಲ್ಲಿ ಬೇರೆ. ದೊಡ್ಡ ಚಿತ್ರದಲ್ಲಿ ಮೊದಲು ಕಥೆ, ಆಮೇಲೆ ಅದಕ್ಕೆ ಬೇಕಾದದ್ದನ್ನು ಕೊಳ್ಳುವುದು. ಇಂಡಿಯಲ್ಲಿ ಪಳಗಿದವರು ಕೈಗೆ ಸಿಗುವುದನ್ನು ಮೊದಲು ಪಟ್ಟಿ ಮಾಡುತ್ತಾರೆ: ಪುಕ್ಕಟೆ ಸಿಗುವ ಮನೆ, ರಾತ್ರಿ ಖಾಲಿ ಇರುವ ಗೋದಾಮು, ಗೆಳೆಯನ ಟ್ರ್ಯಾಕ್ಟರ್, ಚೆನ್ನಾಗಿ ನಟಿಸುವ ಇಬ್ಬರು. ಕಥೆ ಅದರೊಳಗಿಂದ ಬರುತ್ತದೆ. ಒಂದೇ ಮನೆ, ಒಂದೇ ರಾತ್ರಿ, ಮೂರೇ ಪಾತ್ರಗಳ ಚಿತ್ರಗಳು ಇಷ್ಟು ಕಾಣುವುದು ಇದರಿಂದಲೇ. ಊರಿಗೆ ಊರನ್ನೇ ತೋರಿಸಲಾಗದ ಚಿತ್ರ ಒಬ್ಬರ ಮುಖವನ್ನು ಆಳವಾಗಿ ನೋಡುವುದನ್ನು ಕಲಿಯುತ್ತದೆ.

ಇಲ್ಲೇ ಹೊಸಬರು ಎಡವುವುದು. ಬಜೆಟ್ ಮೀರಿದ ದೃಶ್ಯವನ್ನು ಬರೆದು, ಅದನ್ನೇ ಅಗ್ಗಕ್ಕೆ ತೆಗೆಯಲು ಹೋಗುತ್ತಾರೆ. ಬೋಳು ಗೋಡೆ, ಒಂದು ಮೇಜು, ಸಡಿಲ ಸಮವಸ್ತ್ರ ತೊಟ್ಟ ಒಬ್ಬ. ಇದು ಪೊಲೀಸ್ ಠಾಣೆ ಎಂದು ನಂಬಿ ಅಂದರೆ ನೋಡುವವರು ನಂಬುವುದಿಲ್ಲ. ಅಪಘಾತವನ್ನು ತೋರಿಸಲು ಆಗದಿದ್ದರೆ ಅದನ್ನು ಹಾಗೆ ಹೀಗೆ ತೇಪೆ ಹಾಕಿ ತೋರಿಸಬಾರದು. ಅಡುಗೆಮನೆಯಲ್ಲಿ ನಿಂತು ಫೋನ್ ಎತ್ತಿಕೊಂಡ ತಾಯಿಯನ್ನು ತೋರಿಸಬೇಕು. ಆಚೆ ಕಡೆಯ ಮಾತು ನಮಗೆ ಕೇಳಿಸುವುದೇ ಬೇಡ. ಅವಳು ಒಲೆ ಆರಿಸುತ್ತಾಳೋ ಮರೆಯುತ್ತಾಳೋ, ಅಷ್ಟರಲ್ಲಿ ಎಲ್ಲವೂ ಬಂತು.

ಈಗ ಒಂದು ಚಿತ್ರದ ಲೆಕ್ಕ ನೋಡೋಣ. ನಿಗದಿತ ಮಾದರಿಯಲ್ಲಿ ಟೈಪ್ ಮಾಡಿದ ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ. 90 ಪುಟದ ಚಿತ್ರಕಥೆಯನ್ನು ದಿನಕ್ಕೆ 5 ಪುಟದಂತೆ ತೆಗೆದರೆ 18 ದಿನ. ಎಲ್ಲರಿಗೂ ಬೇರೆ ಉದ್ಯೋಗವಿದ್ದು, ಶನಿವಾರ ಭಾನುವಾರ ಮಾತ್ರ ಚಿತ್ರೀಕರಣ ಎಂದರೆ 9 ವಾರ. ಇದು ಏನೂ ತಪ್ಪದಿದ್ದರೆ, ತಪ್ಪದೇ ಇರುವುದಿಲ್ಲ. 9 ವಾರದಲ್ಲಿ ನಟನ ಕೂದಲು ಬೆಳೆಯುತ್ತದೆ, ಮಳೆಗಾಲ ಶುರುವಾಗುತ್ತದೆ, ಮನೆಯವರು ಗೋಡೆಗೆ ಬಣ್ಣ ಬಳಿಸುತ್ತಾರೆ. ಆದ್ದರಿಂದ ಪ್ರತಿ ಶಾಟ್ ಮುಗಿದ ಮೇಲೆ ಉಡುಪು, ಕೂದಲು, ಮೇಜಿನ ಮೇಲಿನ ಸಾಮಾನು ಎಲ್ಲದರ ಫೋಟೋ ತೆಗೆದಿಡಬೇಕು. ಕಂಟಿನ್ಯುಟಿ, ಅಂದರೆ ಇವೆಲ್ಲ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೊಂದಿಕೊಂಡಿರುವುದು, ತಪ್ಪಿದರೆ ಎಡಿಟಿಂಗ್‌ನಲ್ಲಿ ಅದನ್ನು ಸರಿಪಡಿಸುವ ದಾರಿ ಹೆಚ್ಚೇನೂ ಉಳಿಯುವುದಿಲ್ಲ.

ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರ ಮೊದಲ ಚಿತ್ರ (1998) ಹೀಗೇ ವಾರಾಂತ್ಯಗಳಲ್ಲಿ, ಸುಮಾರು ಒಂದು ವರ್ಷದಲ್ಲಿ ತೆಗೆದದ್ದು. ಬಳಸಿದ್ದು 16 ಎಂಎಂ ಕಪ್ಪುಬಿಳುಪು ಫಿಲ್ಮ್. 400 ಅಡಿಯ ಒಂದು ರೋಲ್ ಓಡುವುದು 11 ನಿಮಿಷ ಮಾತ್ರ. ಹಾಗಾಗಿ ಅವರು ನಾಟಕದಂತೆ ಮೊದಲೇ ತಾಲೀಮು ಮಾಡಿಸಿ, ಒಂದೆರಡು ಟೇಕ್‌ಗಳಲ್ಲಿ ಮುಗಿಸುತ್ತಿದ್ದರು. ಡಿಜಿಟಲ್ ಬಂದ ಮೇಲೆ ಟೇಕ್‌ಗೆ ದುಡ್ಡು ಬೇಕಿಲ್ಲ ಎಂಬ ಭ್ರಮೆ ಬಂದಿದೆ. ತೆರೆಗೆ ಬರುವ ಒಂದು ನಿಮಿಷಕ್ಕೆ ಹತ್ತು ನಿಮಿಷದಂತೆ ತೆಗೆದರೆ 90 ನಿಮಿಷದ ಚಿತ್ರಕ್ಕೆ 15 ಗಂಟೆಯ ಫೂಟೇಜ್. ಬರೀ ಒಮ್ಮೆ ನೋಡಲು ಎರಡು ದಿನ ಬೇಕು. ತಾಲೀಮಿಗೆ ಖರ್ಚಿಲ್ಲ. ಅದನ್ನು ಬಿಟ್ಟು ಟೇಕ್ ಹೆಚ್ಚಿಸುವುದು ದುಬಾರಿ ಅಭ್ಯಾಸ.

ಕ್ಯಾಮೆರಾ ಯಾವುದು ಎಂಬ ಚಿಂತೆಯಲ್ಲಿ ಅರ್ಧ ಆಯುಷ್ಯ ಕಳೆಯುವವರಿದ್ದಾರೆ. ಅಮೆರಿಕದ ನಿರ್ದೇಶಕ ಸೀನ್ ಬೇಕರ್ ಅವರ ಚಿತ್ರವೊಂದು ಐಫೋನ್ 5ಎಸ್‌ನಲ್ಲಿ, ಮುಂದೆ ಒಂದು ಅಗಲ ಪರದೆಯ ಲೆನ್ಸ್ ಸಿಕ್ಕಿಸಿಕೊಂಡು ಚಿತ್ರಿತವಾಗಿ 2015ರಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವಕ್ಕೆ ಹೋಯಿತು. ಮಸುಕಾದ ಚಿತ್ರವನ್ನು ಪ್ರೇಕ್ಷಕ ಸಹಿಸುತ್ತಾನೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾನೆ. ಕ್ಯಾಮೆರಾದೊಳಗಿನ ಮೈಕನ್ನು ನಂಬಬಾರದು. ಬೂಮ್ ಮೈಕ್ (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್) ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ಇರಬೇಕು. ಕೋಣೆಯ ಫ್ಯಾನ್, ಫ್ರಿಜ್ ಆರಿಸಬೇಕು; ಕಿವಿಗೆ ಗೊತ್ತಾಗದ ಫ್ರಿಜ್‌ನ ಗುಂಯ್ ಸದ್ದು ರೆಕಾರ್ಡಿಂಗ್‌ನಲ್ಲಿ ಎದ್ದು ಕೂರುತ್ತದೆ, ಎರಡು ಶಾಟ್‌ಗಳ ನಡುವೆ ಅದು ಹೋಗಿ ಬಂದು ಮಾಡಿದರೆ ಪ್ರತಿ ಕಟ್ಟೂ ಕಿವಿಗೆ ಚುಚ್ಚುತ್ತದೆ. ಆರಿಸಿದ ಫ್ರಿಜ್ ಒಳಗೆ ಗಾಡಿಯ ಕೀ ಇಡುವುದು ಸೌಂಡ್‌ನವರ ಹಳೆಯ ಉಪಾಯ: ಕೀ ಇಲ್ಲದೆ ಮನೆಗೆ ಹೋಗುವ ಹಾಗಿಲ್ಲ, ಆಗ ಫ್ರಿಜ್ ಮತ್ತೆ ಹಾಕಲು ನೆನಪಾಗುತ್ತದೆ. ಲೊಕೇಶನ್ ಬಿಡುವ ಮುಂಚೆ ಎಲ್ಲರೂ ಮೌನವಾಗಿ ನಿಂತು ಅರ್ಧದಿಂದ ಒಂದು ನಿಮಿಷ ಆ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿಕೊಳ್ಳಬೇಕು. ಮಾತುಗಳ ನಡುವಿನ ಬಿರುಕು ಮುಚ್ಚಲು ಎಡಿಟರ್‌ಗೆ ಅದೇ ಗಾರೆ.

ಇಂಡಿ ಚಿತ್ರಗಳು ಹೆಚ್ಚಾಗಿ ಅರ್ಧಕ್ಕೆ ನಿಲ್ಲುವುದು ಚಿತ್ರೀಕರಣ ಮುಗಿದ ಮೇಲೆ. ಇರುವ ಹಣವೆಲ್ಲ ಸೆಟ್‌ನಲ್ಲೇ ಕರಗಿ, ಎಡಿಟಿಂಗ್, ಸೌಂಡ್ ಮಿಕ್ಸಿಂಗ್, ಬಣ್ಣ ತಿದ್ದುವ ಕೆಲಸ, ಸಬ್‌ಟೈಟಲ್, ಚಿತ್ರಮಂದಿರಕ್ಕೆ ಬೇಕಾದ ಡಿಸಿಪಿ (ಪ್ರದರ್ಶನಕ್ಕೆ ಸಿದ್ಧಪಡಿಸಿದ ಡಿಜಿಟಲ್ ಪ್ರತಿ), ಚಿತ್ರೋತ್ಸವಗಳ ಪ್ರವೇಶ ಶುಲ್ಕ, ಯಾವುದಕ್ಕೂ ಉಳಿದಿರುವುದಿಲ್ಲ. ಮೂರರಲ್ಲಿ ಒಂದು ಪಾಲನ್ನು ಕ್ಯಾಮೆರಾ ಆನ್ ಆಗುವ ಮುಂಚೆಯೇ ಬೇರೆ ತೆಗೆದಿಡುವುದು ಕ್ಷೇಮ.

ಕಾಗದಪತ್ರವೂ ಹಾಗೇ. ನಟರಿಂದ, ಲೊಕೇಶನ್ ಕೊಟ್ಟವರಿಂದ, ಕಥೆ ಬರೆದವರಿಂದ ಸಹಿ ಮಾಡಿದ ಒಪ್ಪಿಗೆ ಅಂದಂದೇ ಪಡೆಯಬೇಕು. ಗೆಳೆಯನಲ್ಲವೇ ಎಂದು ಬಿಟ್ಟರೆ, ಚಿತ್ರ ಕೊಳ್ಳಲು ಬಂದವರು ಕಾಗದ ಕೇಳುವ ಹೊತ್ತಿಗೆ ಆ ಗೆಳೆಯ ಎಲ್ಲಿರುತ್ತಾನೋ. ಹಾಡಿನ ಹಕ್ಕನ್ನು ಚಿತ್ರೋತ್ಸವಕ್ಕೆ ಮಾತ್ರ ಎಂದು ಅಗ್ಗಕ್ಕೆ ಪಡೆದು, ಆಮೇಲೆ ಓಟಿಟಿಗೆ ಹೋಗುವಾಗ ಆ ಹಾಡಿಗೆ ಹಲವು ಪಟ್ಟು ತೆರುವುದು ಅಥವಾ ದೃಶ್ಯವನ್ನೇ ಬದಲಿಸುವುದು ತೀರಾ ಸಾಮಾನ್ಯ. ಚಿತ್ರವನ್ನು ಅವಸರಕ್ಕೆ ಇಂಟರ್‌ನೆಟ್‌ಗೆ ಹಾಕಿಬಿಟ್ಟರೆ ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆನ್ನುವ ಉತ್ಸವಗಳ ಬಾಗಿಲು ಮುಚ್ಚುತ್ತದೆ.

ಕೊನೆಗೆ, ಪದ ತೊಡಕಾಗುವ ಜಾಗ. 1990ರ ದಶಕದಿಂದ ದೊಡ್ಡ ಸ್ಟುಡಿಯೋಗಳೇ ಇಂಡಿ ಬಗೆಯ ಚಿತ್ರಗಳಿಗೆಂದು ಕವಲು ಸಂಸ್ಥೆಗಳನ್ನು ತೆರೆದವು. ಫಾಕ್ಸ್ ಸರ್ಚ್‌ಲೈಟ್ ಶುರುವಾದದ್ದು 1994ರಲ್ಲಿ. ಅವು ಮಾಡಿಸಿದ ಚಿತ್ರಗಳನ್ನು ಇಂಡಿ ಅನ್ನಬೇಕೇ ಎಂಬ ಚರ್ಚೆ ಮುಗಿದಿಲ್ಲ. ಪೂರ್ತಿ ಮುಗಿದ ಚಿತ್ರವೊಂದನ್ನು ಉತ್ಸವದಲ್ಲಿ ನೋಡಿ ದೊಡ್ಡ ಸಂಸ್ಥೆ ಕೊಂಡರೆ ಅದು ಇಂಡಿಯೇ, ತಕರಾರಿಲ್ಲ. ಕೊಂಡವರು ಹನ್ನೆರಡು ನಿಮಿಷ ಕತ್ತರಿಸಿ, ಸುಖಾಂತ್ಯ ಮಾಡಿ ಬಿಡುಗಡೆ ಮಾಡಿದರೆ? ಪೋಸ್ಟರಿನ ಮೇಲೆ ಅದೇ ನಿರ್ದೇಶಕರ ಹೆಸರಿರುತ್ತದೆ, ಒಳಗಿರುವುದು ಬೇರೆಯವರ ಚಿತ್ರ. ಆದ್ದರಿಂದ ಮಾರಾಟದ ಒಪ್ಪಂದದಲ್ಲಿ ನಿರ್ದೇಶಕರು ಮೊತ್ತಕ್ಕಿಂತ ಮುಂಚೆ ಹುಡುಕಬೇಕಾದ ಸಾಲು, ಸಂಕಲನ ಬದಲಿಸುವ ಹಕ್ಕು ಯಾರದು ಎಂಬುದು.