ಕಲಿಸಲಾಗದ ಆಟ, ಕಲಿಸಿದ ತಂಡ: ಕಾನ್ಸಾಸ್ ಬ್ಯಾಸ್ಕೆಟ್‌ಬಾಲ್‌ನ ಹಿನ್ನೆಲೆ

ಅಮೆರಿಕದ ಲಾರೆನ್ಸ್ ನಗರದಲ್ಲಿರುವ ಕಾನ್ಸಾಸ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಒಂದೂಕಾಲು ಶತಮಾನದಲ್ಲಿ ಕಂಡಿರುವುದು ಕೇವಲ 8 ಮುಖ್ಯ ತರಬೇತುದಾರರನ್ನು. ಅವರಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು ಎನಿಸಿಕೊಂಡವರು ಒಬ್ಬರೇ, ಈ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್.

1891ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲು ಆಟವೊಂದು ಬೇಕಾಗಿ 13 ನಿಯಮಗಳನ್ನು ಬರೆದ ನೈಸ್ಮಿತ್, 1898ರಲ್ಲಿ ಕಾನ್ಸಾಸ್‌ಗೆ ಬಂದದ್ದು ದೈಹಿಕ ಶಿಕ್ಷಣ ಮತ್ತು ಪ್ರಾರ್ಥನಾ ಮಂದಿರದ ಹೊಣೆ ಹೊರಲು. ಮರುವರ್ಷದ ಫೆಬ್ರವರಿ 3ರಂದು ನಡೆದ ಮೊದಲ ಪಂದ್ಯದಲ್ಲಿ ಅವರ ತಂಡ ಕಾನ್ಸಾಸ್ ಸಿಟಿಯ ವೈಎಂಸಿಎ ಎದುರು 5–16ರಿಂದ ಸೋತಿತು. 1907ರವರೆಗಿನ ಒಟ್ಟು ಲೆಕ್ಕ 55 ಗೆಲುವು, 60 ಸೋಲು. ಇದನ್ನು ವೈಫಲ್ಯವೆನ್ನುವುದು ಸರಿಯಲ್ಲ. ವ್ಯಾಯಾಮಕ್ಕೆಂದು ಹುಟ್ಟಿದ ಈ ಆಟವನ್ನು ಆಡಿದರಾಯಿತು, ಅದರಲ್ಲಿ ಕಲಿಸುವಂಥದ್ದೇನೂ ಇಲ್ಲ ಎಂಬುದು ಅವರ ನಿಲುವಾಗಿತ್ತು. ಎರಡು ಪುಟಗಳ ಆ ಮೂಲ ನಿಯಮಾವಳಿಯಲ್ಲಿ ಅಂಪೈರ್, ರೆಫರಿ, ನಾಯಕರ ಉಲ್ಲೇಖವಿದೆ. ತರಬೇತುದಾರನ ಸುಳಿವೇ ಇಲ್ಲ. (2010ರಲ್ಲಿ ಈ ಹಾಳೆಗಳು 43 ಲಕ್ಷ ಡಾಲರ್‌ಗೆ ಹರಾಜಾದವು, ಈಗ ಲಾರೆನ್ಸ್‌ನಲ್ಲಿಯೇ ಇವೆ.)

ಆ ನಿಲುವನ್ನು ಒಪ್ಪದವರು ಅವರದೇ ಶಿಷ್ಯ ಫಾಗ್ ಅಲೆನ್. 1907ರಿಂದ ಎರಡು ಋತು, ಮತ್ತೆ 1919ರಿಂದ 1956ರವರೆಗೆ ತಂಡವನ್ನು ನಡೆಸಿದ ಅಲೆನ್, ತರಬೇತಿಯನ್ನು ಒಂದು ವೃತ್ತಿಯಾಗಿಸಿದರು. 1927ರಲ್ಲಿ ತರಬೇತುದಾರರ ರಾಷ್ಟ್ರೀಯ ಸಂಘ ಕಟ್ಟಿದರು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಲು ಪಟ್ಟುಹಿಡಿದು ಶ್ರಮಿಸಿದರು. ಅವರ ಗರಡಿಯಲ್ಲಿ ಪಳಗಿದ ಅಡಾಲ್ಫ್ ರಪ್ ಮುಂದೆ ಕೆಂಟಕಿ ತಂಡವನ್ನು ಬೆಳೆಸಿದರು. 1952ರಲ್ಲಿ ಕ್ಲೈಡ್ ಲವ್ಲೆಟ್ ಫೈನಲ್‌ನಲ್ಲಿ 33 ಪಾಯಿಂಟ್ ಗಳಿಸಿ ಕಾನ್ಸಾಸ್‌ಗೆ ಮೊದಲ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ಪ್ರಶಸ್ತಿ ತಂದಾಗ ಹೆಚ್ಚಾಗಿ ಬೆಂಚಿನಲ್ಲೇ ಕೂರುತ್ತಿದ್ದ ಡೀನ್ ಸ್ಮಿತ್, ನಾರ್ತ್ ಕ್ಯಾರೊಲಿನಾ ತಂಡದಲ್ಲಿ 879 ಪಂದ್ಯ ಗೆದ್ದ ಗುರುವಾದರು.

7 ಅಡಿ ಮೀರಿದ ವಿಲ್ಟ್ ಚೇಂಬರ್ಲೇನ್‌ನನ್ನು ಲಾರೆನ್ಸ್‌ಗೆ ಕರೆತಂದವರೂ ಅಲೆನ್ ಅವರೇ. ಆದರೆ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ವಿಲ್ಟ್ ಅರ್ಹನಾಗುವ ಹೊತ್ತಿಗೆ 70 ತುಂಬಿದ್ದ ಅಲೆನ್ ನಿವೃತ್ತರಾಗಲೇಬೇಕಾಯಿತು. ಡಿಕ್ ಹಾರ್ಪ್ ಅವರ ಕೈಗೆ ಬಂದ ತಂಡ 1957ರ ಫೈನಲ್‌ನಲ್ಲಿ ಅಜೇಯ ನಾರ್ತ್ ಕ್ಯಾರೊಲಿನಾವನ್ನು ಎದುರಿಸಿತು. ಪಂದ್ಯ ಆರಂಭಿಸಲು ಮೇಲಕ್ಕೆಸೆದ ಚೆಂಡಿಗಾಗಿ ಇಬ್ಬರು ಜಿಗಿಯುವ ಜಂಪ್ ಬಾಲ್‌ಗೆ ಎದುರಾಳಿ ಕೋಚ್ ಫ್ರಾಂಕ್ ಮೆಗೈರ್, 6 ಅಡಿಯೂ ಇಲ್ಲದ ಟಾಮಿ ಕರ್ನ್ಸ್‌ನನ್ನು ವಿಲ್ಟ್ ಮುಂದೆ ನಿಲ್ಲಿಸಿದರು. ಚೆಂಡು ಸಿಗುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು, ಬೇಕಾಗಿದ್ದದ್ದು ಎದುರಾಳಿಯ ಮನಸ್ಸು ಕದಡುವುದು. ಶಾಟ್ ಕ್ಲಾಕ್ (ಬುಟ್ಟಿಗೆ ಚೆಂಡೆಸೆಯಲು ಇರುವ ಸಮಯಮಿತಿ) ಇಲ್ಲದ ಆ ಕಾಲದಲ್ಲಿ ಚೆಂಡನ್ನು ಬೇಕಾದಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬಹುದಿತ್ತು. ಎರಡನೇ ಹೆಚ್ಚುವರಿ ಅವಧಿಯಲ್ಲಿ ಯಾರೂ ಒಂದು ಪಾಯಿಂಟನ್ನೂ ಗಳಿಸಲಿಲ್ಲ. ಮೂರನೆಯದರ ಕೊನೆಯ ಕ್ಷಣಗಳಲ್ಲಿ ನಾರ್ತ್ ಕ್ಯಾರೊಲಿನಾದ ಜೋ ಕ್ವಿಗ್, ಎದುರಾಳಿಯ ಫೌಲ್‌ಗೆ ಸಿಕ್ಕ ಅವಕಾಶದಲ್ಲಿ ಹಾಕಿದ ಎರಡು ಫ್ರೀ ಥ್ರೋಗಳಿಂದ ಕಾನ್ಸಾಸ್ 53–54ರಿಂದ ಸೋತಿತು. ವಿಲ್ಟ್ ಇನ್ನೊಂದೇ ಋತು ಆಡಿ ಹೊರಟುಹೋದ.

ಮುಂದಿನ ಪ್ರಶಸ್ತಿಗೆ 1988ರವರೆಗೆ ಕಾಯಬೇಕಾಯಿತು. ಆ ಋತುವಿನಲ್ಲಿ 11 ಪಂದ್ಯ ಸೋತಿದ್ದ ತಂಡವನ್ನು ಡ್ಯಾನಿ ಮ್ಯಾನಿಂಗ್ ಫೈನಲ್‌ನಲ್ಲಿ 31 ಪಾಯಿಂಟ್, ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿದ 18 ರಿಬೌಂಡ್‌ಗಳೊಂದಿಗೆ ಗೆಲ್ಲಿಸಿದ. ಕೋಚ್ ಲ್ಯಾರಿ ಬ್ರೌನ್ ಡೀನ್ ಸ್ಮಿತ್ ಶಿಷ್ಯ. ಅವರ ಬಳಿಕ ಬಂದ ರಾಯ್ ವಿಲಿಯಮ್ಸ್ ಕೂಡ ಸ್ಮಿತ್ ಅವರ ಸಹಾಯಕರಾಗಿದ್ದವರು. ಅಂದರೆ ಅಲೆನ್ ಕಲಿಸಿದ ವಿದ್ಯೆ ನಾರ್ತ್ ಕ್ಯಾರೊಲಿನಾವನ್ನು ಸುತ್ತಿ ತವರಿಗೆ ಮರಳಿತ್ತು. 2003ರಲ್ಲಿ ವಿಲಿಯಮ್ಸ್ ಅದೇ ನಾರ್ತ್ ಕ್ಯಾರೊಲಿನಾಕ್ಕೆ ಹೊರಟಾಗ ಲಾರೆನ್ಸ್‌ನಲ್ಲಿ ಕಹಿ ಉಳಿದದ್ದು ಸಹಜವೇ.

ನಂತರ ಬಂದ ಬಿಲ್ ಸೆಲ್ಫ್ 2008ರಲ್ಲಿ ಮೆಂಫಿಸ್ ವಿರುದ್ಧ ಪ್ರಶಸ್ತಿ ಗೆದ್ದರು. 2022ರಲ್ಲಿ ಎದುರಾದದ್ದು ಮತ್ತೆ ನಾರ್ತ್ ಕ್ಯಾರೊಲಿನಾ. ವಿರಾಮದ ವೇಳೆಗೆ 25–40ರಿಂದ ಹಿಂದಿದ್ದ ಕಾನ್ಸಾಸ್ 72–69ರಿಂದ ಗೆದ್ದಿತು. 2023ರ ಅಕ್ಟೋಬರ್‌ನಲ್ಲಿ ಮಾತ್ರ ಸ್ವತಂತ್ರ ವಿಚಾರಣಾ ಸಮಿತಿಯೊಂದು, ಅನರ್ಹ ಆಟಗಾರನನ್ನು ಆಡಿಸಿದ ಕಾರಣಕ್ಕೆ 2018ರ ಋತುವಿನ 15 ಗೆಲುವುಗಳನ್ನು ದಾಖಲೆಯಿಂದ ಅಳಿಸಿತು. ಸಾರ್ವಕಾಲಿಕ ಗೆಲುವುಗಳ ಪಟ್ಟಿಯಲ್ಲಿ ಅಂದು ಕಾನ್ಸಾಸ್‌ ಅನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿದ್ದು ರಪ್ ಬೆಳೆಸಿದ ಕೆಂಟಕಿ.